ಅವರು ಪದ ನುಂಗುವುದಿಲ್ಲ, ಕೂಡಿಸುತ್ತಾರೆ

ಓದಿದರೆ ತಿಳಿಯುವ ಇಂಗ್ಲಿಷ್, ಆನೆಗೊಂದಿಗೆ ಬರುವ ವಿದೇಶಿಯರ ಬಾಯಲ್ಲಿ ಯಾಕೆ ತಿಳಿಯಲ್ಲ ಅಂತ ಕೇಳಿದ್ದೀರಿ. ನಿಮ್ಮ ಕಿವಿ ಸರಿಯಾಗಿಯೇ ಇದೆ ಸರ್. ಅವರು ಪದಗಳ ನಡುವೆ ನಿಲ್ಲುವುದಿಲ್ಲ. ಒಂದು ಪದ ವ್ಯಂಜನದಲ್ಲಿ ಮುಗಿದು ಮುಂದಿನದು ಸ್ವರದಿಂದ ಶುರುವಾದರೆ ಎರಡೂ ಅಂಟಿಕೊಳ್ಳುತ್ತವೆ, ‘ಪಿಕ್ ಇಟ್ ಅಪ್’ ಅನ್ನೋದು ‘ಪಿಕಿಟಪ್’ ಆಗುತ್ತದೆ (ಅಮೆರಿಕದವರು ಹೇಳಿದರೆ ‘ಪಿಕಿಡಪ್’ ಅಂತಲೇ ಕೇಳಿಸುತ್ತದೆ). ಎರಡು ಸ್ವರ ಎದುರಾದರೆ ನಡುವೆ ಯ ಅಥವಾ ವ ನುಸುಳುತ್ತದೆ: ‘ಸೀ ಇಟ್’ ಹೋಗಿ ‘ಸೀಯಿಟ್’, ‘ಗೋ ಆನ್’ ಹೋಗಿ ‘ಗೋವಾನ್’. ಇದು ನಮಗೆ ಹೊಸದೇನಲ್ಲ, ನಾವೂ ಗಂಗಾವತಿಯಿಂದ, ಗುರುವನ್ನು ಅಂತೀವಿ ಅಲ್ವಾ, ಶಾಲೆಯಲ್ಲಿ ಓದಿದ ಅದೇ ಆಗಮ ಸಂಧಿ. ‘ಡಿಡ್ ಯು’ ‘ಡಿಜು’ ಆಗೋದು ಮಾತ್ರ ಬೇರೆ ಬಗೆ, ಅಲ್ಲಿ ಡ ಮತ್ತು ಯ ಬೆರೆತು ಜ ಆಗುತ್ತದೆ. ಸುಮ್ನೆ ಒಂದೊಂದೇ ಪದ ಬಾಯಿಪಾಠ ಮಾಡಬೇಡಿ, ಮೂರ್ನಾಲ್ಕು ಪದ ಒಂದೇ ಉಸಿರಿಗೆ ಹೇಳಿ. ‘ಪಿಕಿಟಪ್’ನಿಂದಲೇ ಶುರು ಮಾಡಿ.