ಲ್ಯಾಪ್‌ಟಾಪಿಂದ ವೈಫೈ ಎಳಿಯೋದು: ಮತ್ತೆ ಅದೇ ಪ್ರಶ್ನೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ. ಮನೇಲಿ ಲ್ಯಾಪ್‌ಟಾಪ್ ಒಂದು ಸುಮ್ನೆ ಬಿದ್ದಿದೆ, ಒಳಗಿನ ರೂಮಿಗೆ ವೈಫೈ ಬರಲ್ಲ, ಇದರಿಂದ ಅದನ್ನ ಎಳ್ಕೋಬೋದಾ ಅಂತ. ಮಾತು ಬೇರೆ ಬೇರೆ, ಕೇಳಿರೋದು ಅದನ್ನೇ. ಹಾಗಾಗಿ ಒಂದಕ್ಕೆ ಪೂರ್ತಿ ಉತ್ತರ ಬರೀತೀನಿ, ಉಳಿದೋರಿಗೆ ಒಂದೊಂದು ಸಾಲು, ಬೇಜಾರು ಮಾಡ್ಕೋಬೇಡಿ. ರೂಟರ್ ಅಂದ್ರೆ ಮನೆಗೆಲ್ಲ ವೈಫೈ ಕೊಡೋ ಡಬ್ಬಿ, ಹಾಟ್‌ಸ್ಪಾಟ್ ಅಂದ್ರೆ ಲ್ಯಾಪ್‌ಟಾಪ್ ತನಗೆ ಬಂದ ಇಂಟರ್ನೆಟ್ಟನ್ನ ತಾನೇ ವೈಫೈ ಮಾಡಿ ಹಂಚೋದು, ಇಷ್ಟು ಗೊತ್ತಿದ್ರೆ ಸಾಕು.

ಪ್ರಶ್ನೆ: ರೂಟರ್ ಕೆಳಗೆ ಹಾಲಲ್ಲಿದೆ. ಮಹಡಿ ಮೇಲಿನ ಕೊನೇ ರೂಮಲ್ಲಿ ಮೊಬೈಲಿಗೆ ಒಂದು ಕಡ್ಡಿ ಬರತ್ತೆ, ಕೆಲವು ಸಲ ಅದೂ ಇಲ್ಲ. ವಿಂಡೋಸ್ 10 ಇರೋ ಲ್ಯಾಪ್‌ಟಾಪನ್ನ ಅದೇ ರೂಮಲ್ಲಿಟ್ಟು ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿದೀನಿ. ಈಗ ಮೊಬೈಲಲ್ಲಿ ಫುಲ್ ಕಡ್ಡಿ ತೋರ್ಸತ್ತೆ, ಆದ್ರೆ ವಿಡಿಯೋ ಮೊದ್ಲಿಗಿಂತ ಜಾಸ್ತಿ ಸುತ್ತತ್ತೆ. ಯಾವ ಸೆಟ್ಟಿಂಗ್ ಬದಲಾಯಿಸ್ಬೇಕು?

ಉತ್ತರ: ಸೆಟ್ಟಿಂಗ್ ಸರಿಯಾಗೇ ಇದೆ, ಲ್ಯಾಪ್‌ಟಾಪ್ ಇಟ್ಟಿರೋ ಜಾಗ ತಪ್ಪು. ಆ ಫುಲ್ ಕಡ್ಡಿ ನಿಮ್ಮ ಮೊಬೈಲಿಗೂ ಲ್ಯಾಪ್‌ಟಾಪಿಗೂ ಮಧ್ಯದ್ದು. ಎರಡೂ ಒಂದೇ ಮಂಚದ ಮೇಲಿದ್ರೆ ಫುಲ್ ಬರದೆ ಇನ್ನೇನು ಬರತ್ತೆ? ಲ್ಯಾಪ್‌ಟಾಪಿಗೂ ರೂಟರಿಗೂ ಮಧ್ಯ ಎಷ್ಟಿದೆ ಅಂತ ನೋಡಿದ್ರಾ? ಅಲ್ಲೂ ಅದೇ ಒಂದು ಕಡ್ಡಿ. ಬಾವೀಲಿ ನೀರಿದ್ರೆ ತಾನೇ ಬಿಂದಿಗೆಗೆ ಬರೋದು.

ಲ್ಯಾಪ್‌ಟಾಪ್ ಇರ್ಬೇಕಾದ್ದು ಸಿಗ್ನಲ್ ಇಲ್ದೇ ಇರೋ ರೂಮಲ್ಲಲ್ಲ, ಸಿಗ್ನಲ್ ಇನ್ನೂ ಗಟ್ಟಿಯಾಗಿರೋ ಕೊನೇ ಜಾಗದಲ್ಲಿ. ಮಹಡಿ ಮನೆ ಅಂದ್ರೆ ಬಹಳ ಸಲ ಅದು ಮೆಟ್ಟಿಲು ತಿರುಗೋ ಜಾಗ, ಯಾಕಂದ್ರೆ ಕಬ್ಬಿಣದ ಸರಳು ಹಾಕಿರೋ ಆರ್‌ಸಿಸಿ ತಾರಸಿ ಸಿಗ್ನಲನ್ನ ನುಂಗಿದಷ್ಟು ಮೆಟ್ಟಿಲಿನ ಖಾಲಿ ಜಾಗ ನುಂಗಲ್ಲ. ಅಂದಾಜಲ್ಲಿ ಇಡ್ಬೇಡಿ, ಅಳೆದು ಇಡಿ. ಕಮಾಂಡ್ ಪ್ರಾಂಪ್ಟ್ ತೆಗೆದು netsh wlan show interfaces ಅಂತ ಇಂಗ್ಲಿಷಲ್ಲಿ ಹೊಡೆದ್ರೆ ಸಿಗ್ನಲ್ ಅನ್ನೋ ಕಡೆ ಶೇಕಡಾ ಲೆಕ್ಕ ಬರತ್ತೆ. ಶೇ 100 ಅಂದ್ರೆ ಮೈನಸ್ 50 ಡಿಬಿಎಂ (ಸಿಗ್ನಲ್ ಎಷ್ಟು ಗಟ್ಟಿ ಅನ್ನೋ ಅಳತೆ), ಶೇ 0 ಅಂದ್ರೆ ಮೈನಸ್ 100, ಮಧ್ಯದ್ದೆಲ್ಲ ಅದೇ ಅಳತೆ. ಲ್ಯಾಪ್‌ಟಾಪ್ ಕೈಯಲ್ಲಿ ಹಿಡ್ಕೊಂಡು ನಾಲ್ಕು ಹೆಜ್ಜೆಗೊಂದ್ಸಲ ನಿಂತು ನೋಡ್ತಾ ಹೋಗಿ, 70ಕ್ಕಿಂತ ಕೆಳಗೆ ಇಳಿಯೋಕೆ ಶುರುವಾಗೋ ಜಾಗ ಬಂತಾ, ಎರಡು ಹೆಜ್ಜೆ ಹಿಂದೆ ಬನ್ನಿ, ಅಲ್ಲೇ ಸ್ಟೂಲ್ ಹಾಕಿ. ಸ್ಟೀಲ್ ಬೀರು ಅಥವಾ ದೊಡ್ಡ ಕನ್ನಡಿ ಪಕ್ಕ ಬೇಡ. ಆಂಟೆನಾ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಸ್ಕ್ರೀನಿನ ಸುತ್ತ ಇರೋ ಅಂಚಿನೊಳಗೆ ಇರತ್ತೆ, ಅದಕ್ಕೇ ಮುಚ್ಚಳ ತೆಗೆದೇ ಇರ್ಬೇಕು.

ಈ ಮುಚ್ಚಳದ ವಿಷಯ ನಂಗೆ ಅನುಭವ ಇದೆ. ಒಂದ್ಸಲ ಹೀಗೇ ಮೆಟ್ಟಿಲ ತಿರುವಲ್ಲಿ ಲ್ಯಾಪ್‌ಟಾಪ್ ಇಟ್ಟು ಮೇಲೆ ಕೂತು ಮೀಟಿಂಗಲ್ಲಿದ್ದೆ, ನಮ್ಮಮ್ಮ ನೆಲ ಒರೆಸ್ತಾ ಬಂದೋರು ಪಾಪ ಧೂಳು ಕೂರತ್ತೆ ಅಂತ ಮುಚ್ಚಿ, ಮೇಲೊಂದು ಟವಲ್ ಬೇರೆ ಹೊದಿಸಿ ಹೋದ್ರು. ಮುಚ್ಚಿದ ತಕ್ಷಣ ಅದು ಸ್ಲೀಪಿಗೆ ಹೋಗಿದೆ, ನಾನು ಇಲ್ಲಿ ಒಬ್ನೇ ಮಾತಾಡ್ತಾ ಕೂತಿದೀನಿ. ಪವರ್ ಆಪ್ಷನ್ಸಲ್ಲಿ ಮುಚ್ಚಳ ಮುಚ್ಚಿದ್ರೆ ಏನೂ ಮಾಡ್ಬೇಡ ಅಂತ ಇಟ್ಕೋಬೋದು, ಸ್ಲೀಪೂ ತೆಗೀಬೇಕು. ಜೊತೆಗೆ ಹಾಟ್‌ಸ್ಪಾಟ್ ಪೇಜಲ್ಲೇ ಪವರ್ ಸೇವಿಂಗ್ ಅಂತ ಒಂದಿದೆ, ಯಾವ ಫೋನೂ ಕನೆಕ್ಟ್ ಆಗಿಲ್ಲ ಅಂದ್ರೆ ಸ್ವಲ್ಪ ಹೊತ್ತಲ್ಲಿ ಹಾಟ್‌ಸ್ಪಾಟನ್ನ ತಾನೇ ಆಫ್ ಮಾಡೋದು ಅದೇ. "ನಿನ್ನೆ ಬರ್ತಿತ್ತು ಇವತ್ತು ಬರ್ತಿಲ್ಲ" ಅಂತ ಬರೆಯೋರೆಲ್ಲ ಮೊದ್ಲು ಅದನ್ನ ನೋಡಿ ಆಮೇಲೆ ನಂಗೆ ಬರೀರಿ.

ಸರಿ, ಜಾಗ ಸರಿ ಮಾಡಿದ್ರಿ ಅಂತಾನೇ ಇಟ್ಕೊಳಿ. ಆದ್ರೂ ಹಾಲಲ್ಲಿ ಬರೋ ಸ್ಪೀಡು ಮೇಲೆ ಬರಲ್ಲ. ಲ್ಯಾಪ್‌ಟಾಪಲ್ಲಿ ಇರೋದು ಒಂದೇ ವೈಫೈ ಕಾರ್ಡು, ಸಾಮಾನ್ಯವಾಗಿ ಒಂದೇ ಚಾನೆಲಲ್ಲಿ (ಅಂದ್ರೆ ಗಾಳೀಲಿ ಒಂದೇ ದಾರೀಲಿ) ಎರಡು ಕಡೆ ಕೆಲಸ ಮಾಡ್ಬೇಕು. ರೂಟರ್ ಹತ್ರ ಕೇಳಿಸ್ಕೊಳ್ಳೋವಾಗ ನಿಮ್ಮ ಮೊಬೈಲಿಗೆ ಹೇಳಕ್ಕಾಗಲ್ಲ, ಮೊಬೈಲಿಗೆ ಹೇಳೋವಾಗ ರೂಟರ್ ಸುಮ್ನಿರ್ಬೇಕು. ಒಂದೇ ಮಾತು ಗಾಳೀಲಿ ಎರಡು ಸಲ ಹೋಗತ್ತೆ. ಹಾಗಾಗಿ ಲ್ಯಾಪ್‌ಟಾಪಲ್ಲಿ 40 ಎಂಬಿಪಿಎಸ್ ಬಂದ್ರೆ ಮೊಬೈಲಿಗೆ 20 ಸಿಕ್ರೆ ಪುಣ್ಯ. ಒಂದು ಕಡ್ಡಿ ಇರೋ ಜಾಗದಲ್ಲಿ ಲ್ಯಾಪ್‌ಟಾಪಿಗೇ 4 ಬರ್ತಿದ್ರೆ? ಲೆಕ್ಕ ನೀವೇ ಹಾಕ್ಕೊಳಿ, ವಿಡಿಯೋ ಯಾಕೆ ಸುತ್ತತ್ತೆ ಅಂತ ಗೊತ್ತಾಗತ್ತೆ.

ಇದಕ್ಕೆ ಎರಡು ದಾರಿ ಇದೆ. ಒಂದು, ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕೋದು, ಒಳಗಿನ ಕಾರ್ಡು ರೂಟರ್ ಜೊತೆ 5 ಗಿಗಾಹರ್ಟ್ಸಲ್ಲಿ, ಹೊರಗಿಂದು ಮೊಬೈಲ್ ಜೊತೆ 2.4ರಲ್ಲಿ (ಎರಡೂ ವೈಫೈ ಬಳಸೋ ಬೇರೆ ಬೇರೆ ರೇಡಿಯೋ ತರಂಗ), ಆಗ ಇಬ್ರ ಬಾಯೂ ಬೇರೆ ಬೇರೆ. ಕಾಗದದ ಮೇಲೆ ಚೆನ್ನಾಗಿದೆ, ಆದ್ರೆ ಯಾವ ಕಾರ್ಡಿಂದ ತಗೊಂಡು ಯಾವುದ್ರಿಂದ ಹಂಚ್ಬೇಕು ಅಂತ ವಿಂಡೋಸಿಗೆ ಒಪ್ಪಿಸೋದು ಎಲ್ಲ ಲ್ಯಾಪ್‌ಟಾಪಲ್ಲೂ ಸಲೀಸಲ್ಲ, ಒಂದು ಭಾನುವಾರ ಹೋಗತ್ತೆ. ಎರಡನೇದು, ಲ್ಯಾಪ್‌ಟಾಪಿಗೆ ರೂಟರಿಂದ ಕೇಬಲ್ ಎಳೆದು, ಹಾಟ್‌ಸ್ಪಾಟಲ್ಲಿ ಈಥರ್‌ನೆಟ್ (ಕೇಬಲ್ಲಲ್ಲಿ ಬರೋ ಇಂಟರ್ನೆಟ್) ಅಂತ ಆರಿಸೋದು. ಇದು ಗಟ್ಟಿ. ಸ್ಪೀಡ್ ಅರ್ಧ ಆಗಲ್ಲ, ಲ್ಯಾಪ್‌ಟಾಪನ್ನ ಸಿಗ್ನಲ್ ಇಲ್ಲದ ರೂಮಲ್ಲೇ ಇಡ್ಬೋದು.

ಆದ್ರೆ ಸ್ವಾಮಿ, ಅಲ್ಲೀವರ್ಗೂ ಕೇಬಲ್ ಎಳೆದ ಮೇಲೆ ಲ್ಯಾಪ್‌ಟಾಪ್ ಯಾಕೆ ಬೇಕು? ಅಟ್ಟದ ಮೇಲೆ ಹಳೇ ರೂಟರ್ ಇದ್ರೆ ಇಳಿಸಿ. ಅದರ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚೋ ಕೆಲಸ) ಆಫ್ ಮಾಡಿ, ಐಪಿ ವಿಳಾಸ (ನೆಟ್‌ವರ್ಕಲ್ಲಿ ಸಾಧನದ ನಂಬರು) ಮೊದ್ಲಿನ ರೂಟರಿಂದು 192.168.1.1 ಇದ್ರೆ ಇದಕ್ಕೆ 192.168.1.2 ಕೊಡಿ, ಕೇಬಲನ್ನ ಅದರ ಲ್ಯಾನ್ ಪೋರ್ಟಿಗೇ, ಅಂದ್ರೆ ಮನೆ ಸಾಧನಗಳಿಗಿರೋ ತೂತಿಗೇ ಹಾಕಿ (ಹೊರಗಿನ ಇಂಟರ್ನೆಟ್ಟಿಗಿರೋ ವ್ಯಾನ್ ಪೋರ್ಟಿಗೆ ಹಾಕಿ ಎರಡು ದಿನ ತಲೆ ಕೆಡಿಸ್ಕೊಂಡೋರು ಬಹಳ ಜನ), ವೈಫೈ ಹೆಸರು ಪಾಸ್‌ವರ್ಡ್ ಎರಡೂ ಕೆಳಗಿನದ್ದೇ ಇಡಿ, 2.4ರಲ್ಲಿ ಚಾನೆಲ್ ಮಾತ್ರ ಬೇರೆ, ಕೆಳಗೆ 1 ಇದ್ರೆ ಮೇಲೆ 6 ಅಥವಾ 11. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರ್ಗೂ ಒಂದು ಗಿಗಾಬಿಟ್ ಒಯ್ಯತ್ತೆ, ನಿಮ್ಮನೆ ಮಹಡಿ ಅದಕ್ಕೊಂದು ಲೆಕ್ಕಾನೇ ಅಲ್ಲ.

ಲ್ಯಾಪ್‌ಟಾಪ್ ಒಂದು ಸಂಜೆಗೆ, ನೆಂಟ್ರು ಬಂದಾಗ, ಪರೀಕ್ಷೆ ಇರೋ ಒಂದು ವಾರಕ್ಕೆ ಸರಿ. ಕಾಯಂ ವ್ಯವಸ್ಥೆ ಅಂತ ಮಾಡ್ಕೊಂಡ್ರೆ ನಿಮಗೇ ಬೇಜಾರಾಗತ್ತೆ. ರೀಸ್ಟಾರ್ಟ್ ಆದಾಗ ಹಾಟ್‌ಸ್ಪಾಟ್ ಮತ್ತೆ ಕೈಯಿಂದ ಆನ್ ಮಾಡ್ಬೇಕಾಗತ್ತೆ, ಎಂಟಕ್ಕಿಂತ ಜಾಸ್ತಿ ಸಾಧನ ಅದು ತಗೊಳಲ್ಲ, ಅದರ ಹಿಂದಿರೋ ಫೋನುಗಳಿಗೆ 192.168.137 ಅಂತ ಶುರುವಾಗೋ ಬೇರೆಯದೇ ವಿಳಾಸ ಸಿಗತ್ತೆ, ಅಂದ್ರೆ ಅವು ಬೇರೆ ನೆಟ್‌ವರ್ಕಲ್ಲಿ ಇದ್ದಂಗೆ. ಹಾಗಾಗಿ ಮೇಲಿನ ರೂಮಿಂದ ಕೆಳಗಿನ ಟೀವಿಗೆ ಕಾಸ್ಟ್ ಮಾಡಕ್ಕೆ ಹೋದ್ರೆ ಟೀವೀನೇ ಕಾಣಲ್ಲ, ಪ್ರಿಂಟರ್ರೂ ಅಷ್ಟೇ. ಟೀವಿ ಕೆಟ್ಟಿಲ್ಲ, ಮೆಕ್ಯಾನಿಕ್ ಕರೀಬೇಡಿ.

ಪ್ರಶ್ನೆ: ಹಾಟ್‌ಸ್ಪಾಟ್ ಬದಲು ವೈಫೈ ಎರಡನ್ನೂ ಬ್ರಿಜ್ ಮಾಡಿದ್ರೆ (ಒಂದೇ ನೆಟ್‌ವರ್ಕಾಗಿ ಸೇರಿಸಿದ್ರೆ) ವಿಳಾಸದ ತೊಂದ್ರೆ ಇರಲ್ಲ ಅಂತಾರಲ್ಲ?

ಉತ್ತರ: ಹೇಳೋರು ಮಾಡಿ ನೋಡಿಲ್ಲ. ಲ್ಯಾಪ್‌ಟಾಪ್ ಯಾವ ಮ್ಯಾಕ್ ವಿಳಾಸದಿಂದ (ವೈಫೈ ಕಾರ್ಡಿನ ಸ್ವಂತ ನಂಬರಿಂದ) ಕನೆಕ್ಟ್ ಆಗಿದ್ಯೋ ಅದನ್ನ ಬಿಟ್ಟು ಹಿಂದಿರೋ ಮೊಬೈಲಿನ ವಿಳಾಸದಿಂದ ಮಾತಾಡಿದ್ರೆ ಮಾಮೂಲಿ ರೂಟರ್ ಕಿವಿಗೇ ಹಾಕ್ಕೊಳಲ್ಲ.

ಪ್ರಶ್ನೆ: ಮೊಬೈಲಿಗೆ ವೈಫೈ ಬೂಸ್ಟರ್ ಆಪ್ ಹಾಕಿದೀನಿ, ಸಿಗ್ನಲ್ 40% ಜಾಸ್ತಿ ಆಯ್ತು ಅಂತ ತೋರ್ಸತ್ತೆ. ಲ್ಯಾಪ್‌ಟಾಪಿಗೂ ಅಂಥದ್ದು ಇದ್ಯಾ?

ಉತ್ತರ: ಅದು ತೋರಿಸೋದು ಜಾಹೀರಾತು ಮಾತ್ರ. ಆಂಟೆನಾ, ರೇಡಿಯೋ ಪವರ್ ಎರಡೂ ಹಾರ್ಡ್‌ವೇರ್ ವಿಷಯ, ಕಾನೂನಿನ ಮಿತಿ ಬೇರೆ ಇದೆ, ಪ್ಲೇಸ್ಟೋರಿಂದ ಇಳಿಸ್ಕೊಂಡ ಆಪ್ ಮುಟ್ಟೋಕಾಗಲ್ಲ. ಇನ್ನು ಲ್ಯಾಪ್‌ಟಾಪಿಗೆ ಅಂತ ಸಿಗೋ ಫ್ರೀ "ವರ್ಚುಯಲ್ ರೂಟರ್" ಸಾಫ್ಟ್‌ವೇರ್‌ಗಳನ್ನ ಕಂಡಕಂಡ ಕಡೆಯಿಂದ ಇಳಿಸ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಮನೆಯೋರೆಲ್ಲರ ಫೋನಿನ ಟ್ರಾಫಿಕ್ ಅದರ ಮೂಲಕವೇ ಹೋಗತ್ತೆ, ಗೊತ್ತಿಲ್ಲದೋರ ಕೈಗೆ ಮನೆ ಬೀಗ ಕೊಟ್ಟಂಗೆ. ವಿಂಡೋಸಲ್ಲೇ ಇರೋವಾಗ ಅದರ ಹಂಗ್ಯಾಕೆ?

ಪ್ರಶ್ನೆ: ರೂಟರ್ ಹಿಂದೆ ಅಲ್ಯುಮಿನಿಯಂ ಫಾಯಿಲ್ ಇಟ್ರೆ?

ಉತ್ತರ: ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ತಳ್ಳತ್ತೆ, ಹಿಂದಿನ ರೂಮಲ್ಲಿರೋರು ನಿಮ್ಮನ್ನ ಬೈತಾರೆ.

ಪ್ರಶ್ನೆ: ಮ್ಯಾಕ್‌ಬುಕ್ಕಲ್ಲಿ ಆಗತ್ತಾ?

ಉತ್ತರ: ಕೇಬಲ್ಲಲ್ಲಿ ಬಂದಿದ್ದನ್ನ ವೈಫೈ ಮಾಡಿ ಹಂಚತ್ತೆ, ವೈಫೈಲಿ ಬಂದಿದ್ದನ್ನ ಅದೇ ವೈಫೈಲಿ ಹಂಚಲ್ಲ.

ಪ್ರಶ್ನೆ: ಆಫೀಸ್ ಲ್ಯಾಪ್‌ಟಾಪಲ್ಲಿ ಹಾಟ್‌ಸ್ಪಾಟ್ ಬಟನ್ನೇ ಮಸುಕಾಗಿದೆ, ಹೆಂಗೆ ಬಿಡಿಸೋದು?

ಉತ್ತರ: ಬಿಡಿಸ್ಬೇಡಿ.

ಪ್ರಶ್ನೆ: ಆರು ವರ್ಷದ ಹಳೇ ಲ್ಯಾಪ್‌ಟಾಪನ್ನ ಹಗಲು ರಾತ್ರಿ ಚಾರ್ಜಿಗೆ ಹಾಕಿ ಹಾಟ್‌ಸ್ಪಾಟಿಗೇ ಬಿಟ್ಟಿದೀನಿ. ಟಚ್‌ಪ್ಯಾಡ್ ಈಚೆಗೆ ಒತ್ತಕ್ಕೆ ಬರ್ತಿಲ್ಲ, ಸ್ವಲ್ಪ ಮೇಲೆ ಎದ್ದಂಗಿದೆ. ಡ್ರೈವರ್ ಹಾಕ್ಬೇಕಾ?

ಉತ್ತರ: ಈ ಒಂದು ಪ್ರಶ್ನೆ ಓದಿ ಮಾತ್ರ ನಂಗೆ ನಿಜವಾಗ್ಲೂ ಗಾಬರಿ ಆಯ್ತು. ಅದು ಡ್ರೈವರ್ ಅಲ್ಲ, ಕೆಳಗಿರೋ ಬ್ಯಾಟರಿ ಊದ್ಕೊಂಡು ಟಚ್‌ಪ್ಯಾಡನ್ನ ಮೇಲಕ್ಕೆ ಒತ್ತಿದೆ ಅಂತಾನೇ ತಿಳ್ಕೊಳಿ. ಲಿಥಿಯಂ ಬ್ಯಾಟರಿ ತಿಂಗಳುಗಟ್ಟಲೆ ಫುಲ್ ಚಾರ್ಜಲ್ಲಿ, ಬಿಸೀಲಿ ಇದ್ರೆ ಹೀಗಾಗತ್ತೆ. ಇದನ್ನ ಓದ್ತಿದ್ದಂಗೇ ಚಾರ್ಜರ್ ಕಿತ್ತು ಆಫ್ ಮಾಡಿ, ಒತ್ತಿ ಕೂರಿಸಕ್ಕೆ ಹೋಗ್ಬೇಡಿ, ಚುಚ್ಬೇಡಿ, ಹಾಸಿಗೆ ಪರದೆ ಹತ್ರ ಇಡ್ಬೇಡಿ, ರಿಪೇರಿ ಗೊತ್ತಿರೋರ ಹತ್ರ ಬ್ಯಾಟರಿ ತೆಗೆಸಿ. ವೈಫೈ ಆಮೇಲೆ ನೋಡ್ಕೊಂಡ್ರಾಯ್ತು.

ಪ್ರಶ್ನೆ: ಎರಡು ಲ್ಯಾಪ್‌ಟಾಪ್ ಇವೆ. ಒಂದರ ಹಾಟ್‌ಸ್ಪಾಟನ್ನ ಇನ್ನೊಂದು ತಗೊಂಡು ಹಂಚಿದ್ರೆ ತಾರಸಿವರ್ಗೂ ಹೋಗತ್ತಾ?

ಉತ್ತರ: ಹೋಗತ್ತೆ. ಅರ್ಧದಲ್ಲಿ ಅರ್ಧ, ಕಾಲು ಹೋಗತ್ತೆ. ಮೇಲಿನ ಉತ್ತರ ಮೊದಲಿಂದ ಓದಿ.