ಶಾಖವನ್ನು ಚದುರಿಸುವ ವಜ್ರದ ಪುಡಿ

ಪ್ರಶ್ನೆ: ಶಾಖನಿರೋಧಕವೆಂದು ಹೆಸರಾದ ಏರೋಜೆಲ್ (ಸೂಕ್ಷ್ಮ ರಂಧ್ರಗಳಿಂದ ತುಂಬಿದ ಅತಿ ಹಗುರ ಘನವಸ್ತು) ಅನ್ನು ದೂರದರ್ಶಕಗಳಲ್ಲಿ ಶೋಧಕವಾಗಿ, ಎಂದರೆ ಫಿಲ್ಟರ್ ಆಗಿ, ಬಳಸುವುದೇಕೆ?

ಉತ್ತರ: ವಿಶ್ವದ ಆದಿಕಾಲದಿಂದ ಉಳಿದು ಬಂದಿರುವ ಸೂಕ್ಷ್ಮತರಂಗ (ಮೈಕ್ರೋವೇವ್) ಹಿನ್ನೆಲೆ ವಿಕಿರಣವನ್ನು ಅಳೆಯುವ ಸಂವೇದಕಗಳನ್ನು ಮೈನಸ್ 273 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ಅಂದರೆ ಸುಮಾರು 0.1 ಕೆಲ್ವಿನ್‌ವರೆಗೆ ತಣಿಸಿಡಬೇಕಾಗುತ್ತದೆ. ಆದರೆ ಆ ವಿಕಿರಣ ಒಳಬರುವ ಕಿಟಕಿಯಿಂದಲೇ ಹೊರಗಿನ ಬಿಸಿಯೂ ಅವಗೆಂಪು ಕಿರಣಗಳಾಗಿ ನುಗ್ಗುತ್ತದೆ. ಇದನ್ನು ತಡೆಯಲು ನಾಸಾದ ಗೊಡ್ಡಾರ್ಡ್ ಕೇಂದ್ರದ ವಿಜ್ಞಾನಿಗಳೂ ಅವರ ಸಹವರ್ತಿಗಳೂ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್‌ನ ಏರೋಜೆಲ್‌ನೊಳಗೆ ವಜ್ರದ ನುಣ್ಣನೆಯ ಪುಡಿಯನ್ನು ಬೆರೆಸಿದ ಹಾಳೆಗಳನ್ನು ರೂಪಿಸಿದ್ದಾರೆ. ಕೋಣೆಯ ಉಷ್ಣತೆಯಲ್ಲಿರುವ ವಸ್ತುಗಳ ವಿಕಿರಣವು 10 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ಪ್ರಬಲವಾಗಿರುವುದರಿಂದ, ಅದಕ್ಕೆ ಹೊಂದುವ ಗಾತ್ರದ ವಜ್ರದ ಕಣಗಳು ಆ ಕಿರಣಗಳನ್ನು ಚದುರಿಸಿಬಿಡುತ್ತವೆ. ಹಿನ್ನೆಲೆ ವಿಕಿರಣದ ಮಿಲಿಮೀಟರ್ ಉದ್ದದ ಅಲೆಗಳಿಗಾದರೋ ಆ ಕಣಗಳು ಇದ್ದೂ ಇಲ್ಲದಂತೆ. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇನ್ನೊಂದು ಗುಣ: ಬಹುಪಾಲು ಪೊಳ್ಳೇ ಆಗಿರುವ ಈ ಹಾಳೆಯ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.15ಕ್ಕಿಂತ ಕಡಿಮೆಯಿದ್ದು ಅಲೆಗಳು ಅಷ್ಟಾಗಿ ಪ್ರತಿಫಲಿಸದಿರುವುದರಿಂದ, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಶೋಧಕಗಳಿಗೆ ಬೇಕಾಗುವಂಥ, ಕಡುಚಳಿಯಲ್ಲಿ ಬಿರುಕುಬಿಡಬಹುದಾದ ಪ್ರತಿಫಲನ ನಿರೋಧಕ ಲೇಪ ಇದಕ್ಕೆ ಬೇಕಾಗುವುದೇ ಇಲ್ಲ.