ಟಿವಿ ಪ್ರಶ್ನೋತ್ತರ: ಕತ್ತಲೆ ದೃಶ್ಯ ಹಾಕಿಸಿ ನೋಡಿ

ಪ್ರಶ್ನೆ: ಹಳೆಯ ಟಿವಿ ಕೈಕೊಟ್ಟಿದೆ. ಈ ಸಲ ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ, ಒಳ್ಳೆಯದನ್ನೇ ತರೋಣ ಅಂತ ಮನೆಯಲ್ಲಿ ಮಾತಾಗಿದೆ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಟಿವಿಗಳಲ್ಲಿ ಒಂದು ಎಲ್ಲಕ್ಕಿಂತ ಪಳಪಳ ಹೊಳೆಯುತ್ತಿತ್ತು. 55 ಇಂಚು, 4ಕೆ. ನಾವು ಕೂರುವ ಸೋಫಾದಿಂದ ಟಿವಿಗೆ 9 ಅಡಿ. ಅದನ್ನೇ ತಗೋಬಹುದಾ? ಅಣ್ಣ ಮಾತ್ರ ‘ಓಎಲ್‌ಇಡಿ ತಗೋ’ ಅಂತ ಹಟ ಹಿಡಿದಿದ್ದಾನೆ.

ಉತ್ತರ: ಪಳಪಳ ನೋಡಿ ಮರುಳಾಗಬೇಡಿ. ಅಂಗಡಿಯಲ್ಲಿ ಇಟ್ಟ ಟಿವಿ ಸಾಮಾನ್ಯವಾಗಿ ಅಂಗಡಿಗೆಂದೇ ಇರುವ ಮೋಡ್‌ನಲ್ಲಿ ಓಡುತ್ತಿರುತ್ತದೆ. ಬೆಳಕು ಪೂರ್ತಿ ಮೇಲಕ್ಕೆ, ಬಣ್ಣ ಗಾಢ, ಬಿಳಿಯಲ್ಲೂ ಒಂದಿಷ್ಟು ನೀಲಿ. ಹತ್ತಾರು ಟ್ಯೂಬ್‌ಲೈಟ್‌ಗಳ ಕೆಳಗೆ ಪಕ್ಕದ ಟಿವಿಯನ್ನು ಸೋಲಿಸಬೇಕಲ್ಲ, ಅದಕ್ಕೆ. ಮೇಲಿಂದ ಆ ಡೆಮೊ ವಿಡಿಯೋ ಬೇರೆ: ಹೂವು, ಗಿಳಿ, ಕಡಲು. ಅದು ಯಾವ ಟಿವಿಯಲ್ಲಿ ತಾನೇ ಚೆನ್ನಾಗಿ ಕಾಣಲ್ಲ?

ರಿಮೋಟ್ ಕೇಳಿ ತಗೊಳ್ಳಿ. ಪಿಕ್ಚರ್ ಮೋಡನ್ನು ‘ಸಿನಿಮಾ’ಗೆ ಹಾಕಿ. 2019ರ ನಂತರದ ಕೆಲವು ಟಿವಿಗಳಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಅಂತಲೂ ಇರುತ್ತದೆ, ಇದ್ದರೆ ಅದೇ ಸರಿ. ಹಾಕಿದ ತಕ್ಷಣ ಚಿತ್ರ ಮಂಕಾಯಿತು, ಹಳದಿಯಾಯಿತು ಅನಿಸುತ್ತದೆ. ಸ್ವಲ್ಪ ಹೊತ್ತು ಬಿಡಿ, ಕಣ್ಣು ಹೊಂದಿಕೊಳ್ಳುತ್ತದೆ. ಮನೆಮನೆಗೆ ಹೋಗಿ ಟಿವಿ ಸೆಟ್ಟಿಂಗ್ ಮಾಡಿಕೊಡೋದು ನನ್ನ ಕೆಲಸ. ‘ಟಿವಿ ಹಳದಿ ಮಾಡಿಬಿಟ್ರಲ್ಲಾ’ ಅಂತ ಮಾರನೇ ದಿನವೇ ಫೋನ್ ಬರುತ್ತದೆ. ವಾರ ಬಿಟ್ಟು ಅದೇ ಜನಕ್ಕೆ ಹಳೆಯ ಮೋಡ್ ಹಾಕಿ ತೋರಿಸಿದರೆ, ‘ಅಯ್ಯೋ, ಇಷ್ಟು ನೀಲಿ ಇತ್ತಾ!’ ಅಂತಾರೆ.

ಇನ್ನು 4ಕೆ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ (ಚಿತ್ರ ಮೂಡಿಸುವ ಪುಟ್ಟ ಚುಕ್ಕಿ), 4ಕೆಯಲ್ಲಿ ಅದರ ನಾಲ್ಕರಷ್ಟು, ಅಂದರೆ 83 ಲಕ್ಷ. ಆದರೆ ಕಣ್ಣಿಗೂ ಒಂದು ಮಿತಿ ಇದೆ. ಪರದೆಯ ಎತ್ತರದ ಮೂರು ಪಟ್ಟು ದೂರ ಹೋದರೆ, ಸಾಮಾನ್ಯ ದೃಷ್ಟಿ ಇರುವವರಿಗೆ ಫುಲ್ ಎಚ್‌ಡಿಯ ಪಿಕ್ಸೆಲ್‌ಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. 55 ಇಂಚಿನ ಪರದೆಯ ಎತ್ತರ ಸುಮಾರು 68 ಸೆಂಟಿಮೀಟರ್. ಮೂರು ಪಟ್ಟು ಅಂದರೆ 7 ಅಡಿಯ ಆಸುಪಾಸು. ನೀವು ಕೂರೋದು 9 ಅಡಿಯಲ್ಲಿ. ಅಲ್ಲಿಂದ ಆ ಹೆಚ್ಚಿನ ಪಿಕ್ಸೆಲ್‌ಗಳು ಇದ್ದೂ ಇಲ್ಲದ ಹಾಗೆ. ಗೋಡೆಯಲ್ಲಿ ಜಾಗ ಇದ್ದರೆ 65 ಅಥವಾ 75 ಇಂಚಿಗೆ ಹೋಗಿ. ಜಾಗ ಇಲ್ಲ ಅಂದರೆ 55 ಸಾಕು, ಆದರೆ ‘4ಕೆ’ ಅನ್ನೋ ಸ್ಟಿಕ್ಕರ್ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಈಗ ಆ ಸೈಜಿನ ಹೊಸ ಟಿವಿಗಳು ಹೆಚ್ಚುಕಡಿಮೆ ಎಲ್ಲವೂ 4ಕೆಯೇ.

ಹಾಗಾದರೆ ಜಾಸ್ತಿ ದುಡ್ಡು ಯಾತಕ್ಕೆ? ಕಪ್ಪಿಗೆ. ನನ್ನ ಪ್ರಕಾರ ದುಬಾರಿ ಟಿವಿಗೂ ಸಾಧಾರಣ ಟಿವಿಗೂ ನಿಜವಾದ ವ್ಯತ್ಯಾಸ ತಿಳಿಯೋದು ಕತ್ತಲೆ ದೃಶ್ಯದಲ್ಲೇ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ರಾತ್ರಿ ದೃಶ್ಯವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ಅದು ಕೈಲಿಲ್ಲದಿದ್ದರೆ ಯಾವುದಾದರೂ ಸಿನಿಮಾದ ಕೊನೆಗೆ ಓಡಿಸಿ, ಕಪ್ಪು ಪರದೆ ಮೇಲೆ ಬಿಳಿ ಹೆಸರುಗಳು ಮೇಲೇರುತ್ತವಲ್ಲ, ಅದನ್ನು ನೋಡಿ. ಅಕ್ಷರದ ಸುತ್ತ ಬೂದು ಬಣ್ಣದ ಮಬ್ಬು ಬೆಳಕು ಇದೆಯಾ? ಹೆಸರುಗಳ ಜೊತೆಗೆ ಅದೂ ಮೇಲೆ ಸರಿಯುತ್ತಾ? ಪರದೆಯ ಮೂಲೆ ನಿಜವಾಗಿ ಕಪ್ಪಾ, ಅಥವಾ ಹೊಗೆ ಬಣ್ಣವಾ?

ಕಾರಣ ಇಷ್ಟೇ. ಎಲ್‌ಇಡಿ ಅಂತ ಮಾರುವ ಟಿವಿ ಅಸಲಿಗೆ ಎಲ್‌ಸಿಡಿಯೇ. ಹಿಂದೆ ದೀಪ ಉರಿಯುತ್ತಿರುತ್ತದೆ, ಮುಂದಿನ ಪರದೆ ಅದನ್ನು ತಡೆಯಬೇಕು. ಪೂರ್ತಿ ತಡೆಯಲು ಅದಕ್ಕೆ ಆಗಲ್ಲ. ಒಳ್ಳೆಯ ಟಿವಿಗಳಲ್ಲಿ ಹಿಂದಿನ ದೀಪಗಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಕತ್ತಲೆ ಇರುವ ಕಡೆ ಮಾತ್ರ ಆರಿಸುತ್ತಾರೆ. ಮಿನಿ ಎಲ್‌ಇಡಿ ಅಂದರೆ ಇಂಥ ಗುಂಪುಗಳು ನೂರಾರು, ಕೆಲವೊಮ್ಮೆ ಸಾವಿರಾರು. ಗುಂಪು ಹೆಚ್ಚಿದಷ್ಟೂ ಆ ಮಬ್ಬು ಕಡಿಮೆ. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. ಒಂದೊಂದು ಪಿಕ್ಸೆಲ್ಲೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಕಪ್ಪು ಅಂದರೆ ಕಪ್ಪು. ಸೋಫಾದ ತುದಿಯಲ್ಲಿ ಕೂತವರಿಗೂ ಬಣ್ಣ ಅಷ್ಟಾಗಿ ಮಾಸುವುದಿಲ್ಲ.

ಅಣ್ಣನ ಮಾತು ಸರಿಯೇ, ಆದರೆ ನಿಮ್ಮ ಮನೆಗೆ ಸರಿಯಾ ಅನ್ನೋದು ಬೇರೆ. ಸಂಜೆ ದೀಪ ಆರಿಸಿ ಸಿನಿಮಾ ನೋಡುವವರಾದರೆ ಕಣ್ಣು ಮುಚ್ಚಿಕೊಂಡು ಓಎಲ್‌ಇಡಿ ತಗೊಳ್ಳಿ. ಟಿವಿಯ ಎದುರಿಗೇ ದೊಡ್ಡ ಕಿಟಕಿ ಇದೆ, ಬೆಳಗಿನಿಂದ ರಾತ್ರಿವರೆಗೂ ಒಂದೇ ನ್ಯೂಸ್ ಚಾನೆಲ್ ಓಡುತ್ತಿರುತ್ತದೆ ಅಂದರೆ ಮಿನಿ ಎಲ್‌ಇಡಿ ವಾಸಿ. ಅದರ ಬೆಳಕು ಜಾಸ್ತಿ. ಅಲ್ಲದೆ ಚಾನೆಲ್‌ನ ಲೋಗೊ ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಓಎಲ್‌ಇಡಿಯಲ್ಲಿ ಅದರ ಅಚ್ಚು ಉಳಿದುಬಿಡಬಹುದು. ಎಲ್ಲರಿಗೂ ಹಾಗಾಗಲ್ಲ, ಆದರೆ ದಿನವಿಡೀ ನ್ಯೂಸ್ ನೋಡುವ ಮನೆಯಲ್ಲಿ ಆ ಅಪಾಯವನ್ನು ಸುಮ್ನೆ ಯಾಕೆ ಮೈಮೇಲೆ ಎಳ್ಕೋಬೇಕು?

ಅಂದ ಹಾಗೆ, ಬಿಲ್ ಮಾಡಿಸೋಕೆ ಮುಂಚೆ ಒಂದು ಫುಟ್‌ಬಾಲ್ ಪಂದ್ಯ ಹಾಕಿಸಿ. ಕ್ಯಾಮೆರಾ ಅಡ್ಡಕ್ಕೆ ತಿರುಗುವಾಗ ಹಸಿರಿನ ಮೇಲೆ ಮಾಸಲು ಪಟ್ಟೆ ಕಂಡರೆ ಆ ಪರದೆಯ ಬೆಳಕು ಎಲ್ಲ ಕಡೆ ಒಂದೇ ಸಮ ಇಲ್ಲ ಅಂತ. ಒಮ್ಮೆ ಕಣ್ಣಿಗೆ ಬಿತ್ತೋ, ಆಮೇಲೆ ಪ್ರತಿ ಪಂದ್ಯದಲ್ಲೂ ಅದೇ ಕಾಣುತ್ತದೆ.

ಪ್ರಶ್ನೆ: ದುಬಾರಿ ಟಿವಿ ತಂದೆವು. ಸಿನಿಮಾ ಹಾಕಿದರೆ ಧಾರಾವಾಹಿ ನೋಡಿದ ಹಾಗಿರುತ್ತದೆ. ಟಿವಿಯಲ್ಲೇ ದೋಷವಾ?

ಉತ್ತರ: ದೋಷ ಅಲ್ಲ, ಟಿವಿಯ ಅತಿಬುದ್ಧಿವಂತಿಕೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ಅವುಗಳ ನಡುವೆ ತಾನೇ ಹೊಸ ಚಿತ್ರಗಳನ್ನು ಹುಟ್ಟಿಸಿ ತುರುಕುತ್ತದೆ. ಹಾಗಾಗಿ ಎಲ್ಲವೂ ಜಾರಿಕೊಂಡು ಹೋದಂತೆ ನುಣ್ಣಗೆ ಕಾಣುತ್ತದೆ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಮೋಷನ್’ ಅಂತ ಬರುವ ಕಡೆ ಹುಡುಕಿ, ಆಫ್ ಮಾಡಿ. ಓಎಲ್‌ಇಡಿಯಾದರೆ ಪೂರ್ತಿ ಆಫ್ ಮಾಡಿದಾಗ ಕ್ಯಾಮೆರಾ ನಿಧಾನ ತಿರುಗುವ ಕಡೆ ಚಿತ್ರ ತಡವರಿಸಿದಂತೆ ಅನಿಸಬಹುದು, ಆಗ ತೀರಾ ಕಡಿಮೆಗೆ ಇಡಿ. ಆಟ ನೋಡುವಾಗ ಬೇಕಿದ್ದರೆ ಆನ್ ಇರಲಿ.

ಶಾರ್ಪ್‌ನೆಸ್ ಕೂಡ ಇಳಿಸಿಬಿಡಿ. ಅದು ಹೊಸ ವಿವರ ತರಲ್ಲ, ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ ಅಷ್ಟೇ.

ಪ್ರಶ್ನೆ: 8ಕೆ ಬಂದಿದೆಯಲ್ಲ, ಕಾಯಬೇಕಾ?

ಉತ್ತರ: ಬೇಡ. 3.3 ಕೋಟಿ ಪಿಕ್ಸೆಲ್ ಇಟ್ಟುಕೊಂಡು ಏನು ನೋಡ್ತೀರಿ? 8ಕೆಯಲ್ಲಿ ಸಿಗುವ ಕಾರ್ಯಕ್ರಮಗಳೇ ಅಪರೂಪ. ಮೇಲಿನ 9 ಅಡಿ ಲೆಕ್ಕ ಇಲ್ಲಿ ಇನ್ನೂ ಕಟುವಾಗಿ ಅನ್ವಯಿಸುತ್ತದೆ.

ಪ್ರಶ್ನೆ: ಚಿತ್ರ ಅದ್ಭುತ. ಆದರೆ ಮಾತು ಸರಿಯಾಗಿ ಕೇಳಲ್ಲ. ಸೌಂಡ್‌ಬಾರ್ ತಂದು ಜೋಡಿಸಿದರೂ ಶಬ್ದ ಟಿವಿಯಿಂದಲೇ ಬರುತ್ತಿದೆ.

ಉತ್ತರ: ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಕಡಿಮೆ. ಎಷ್ಟೋ ಟಿವಿಗಳಲ್ಲಿ ಅದರ ಬಾಯಿ ನೆಲಕ್ಕೋ ಗೋಡೆಗೋ ತಿರುಗಿರುತ್ತದೆ. ಹಾಗಾಗಿ ಸೌಂಡ್‌ಬಾರ್ ತಂದದ್ದು ಒಳ್ಳೆಯದೇ ಆಯಿತು. ಕೇಬಲ್ ಎಲ್ಲಿಗೆ ಹಾಕಿದ್ದೀರಿ ನೋಡಿ. ಟಿವಿಯ ಹಿಂದೆ ಮೂರು-ನಾಲ್ಕು ಎಚ್‌ಡಿಎಂಐ ಪೋರ್ಟ್ ಇದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಅಂತ ಬರೆದಿರುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಯಿಂದ ಶಬ್ದ ಹೊರಗೆ ಹೋಗುವ ದಾರಿ ಅದೊಂದೇ. ಸೌಂಡ್‌ಬಾರ್‌ನಲ್ಲೂ ಅದೇ ಹೆಸರಿನ ಪೋರ್ಟ್‌ಗೇ ಹಾಕಿ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಬದಲಿಸಿ. ಇಷ್ಟಾದರೂ ಬರಲಿಲ್ಲ ಅಂದರೆ ಎರಡರ ಪ್ಲಗ್ಗನ್ನೂ ಒಂದೆರಡು ನಿಮಿಷ ಕಿತ್ತು, ಮತ್ತೆ ಹಾಕಿ ನೋಡಿ.